ಅಲೆಯಿಂದ ಕರೆಂಟು: ವಿಳಿಂಜಂ ಕಡಲ ಕಥೆ



ನಾನು ಹುಟ್ಟಿ ಬೆಳೆದ ಊರು ಹೊಗೆನಕಲ್ಲಿಗೆ ಹತ್ತಿರದ್ದು. ಆಷಾಢ, ಶ್ರಾವಣದಲ್ಲಿ ಕಾವೇರಿ ತುಂಬಿ ಬಂದಾಗ, ರಾತ್ರಿ ಹೊತ್ತು ಗಾಳಿ ನಮ್ಮ ಕಡೆಗೆ ತಿರುಗಿದರೆ ಜಲಪಾತದ ಮೊರೆತ ಮನೆಯ ಜಗಲಿಗೇ ಕೇಳಿಸುತ್ತಿತ್ತು. ಆ ಮೊರೆತ ಕೇಳುತ್ತಾ ನಾವು ಮಕ್ಕಳು ಸೀಮೆಎಣ್ಣೆ ಬುಡ್ಡಿಯ ಮುಂದೆ ಕುಳಿತು ಮಗ್ಗಿ ಬಾಯಿಪಾಠ ಮಾಡುತ್ತಿದ್ದೆವು. ಬೆಳಿಗ್ಗೆ ಎದ್ದರೆ ಮೂಗಿನೊಳಗೆಲ್ಲಾ ಕರಿ. ಒಂದು ದಿನ ಶಾಲೆಯಲ್ಲಿ ನಮ್ಮ ಮೇಷ್ಟ್ರು ನೀರಿನಿಂದ ವಿದ್ಯುತ್ ತಯಾರಾಗುತ್ತದೆ ಎಂಬ ಪಾಠ ಮಾಡಿದರು. ನಾನು ಎದ್ದು ನಿಂತು, "ಸಾರ್, ಇಷ್ಟು ನೀರು ನಮ್ಮೂರ ಪಕ್ಕದಲ್ಲೇ ಬೀಳುತ್ತಲ್ಲ, ನಮಗೇಕೆ ಕರೆಂಟಿಲ್ಲ?" ಎಂದು ಕೇಳಿದೆ. ಅವರು ನಕ್ಕು, "ಇಲ್ಲಿ ಬಿದ್ದ ನೀರು ಮೆಟ್ಟೂರಿಗೆ ಹೋಗಿ ಅಲ್ಲಿ ದೀಪ ಹಚ್ಚುತ್ತದೆ ಕಣೋ, ಕೂತ್ಕೋ" ಎಂದರು. ನಮ್ಮ ಬೀದಿಗೆ ಕಂಬ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ.

ಆ ಪ್ರಶ್ನೆ ನನ್ನ ತಲೆಯಿಂದ ಹೋಗಲೇ ಇಲ್ಲ. ಮುಂದೆ ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾದೆ. ಲೆಡ್ಜರು ಬರೆಯುತ್ತಾ ಮೂವತ್ತೈದು ವರ್ಷ ಕಳೆದೆ. ಇಂಜಿನಿಯರಿಂಗ್ ಓದಿದವನಲ್ಲ. ಆದರೂ ನೀರಿನಿಂದ ಕರೆಂಟು ತೆಗೆಯುವ ವಿಷಯ ಎಲ್ಲಿ ಕಂಡರೂ ಓದುವುದು, ಕತ್ತರಿಸಿ ಇಟ್ಟುಕೊಳ್ಳುವುದು ಒಂದು ಚಟವಾಯಿತು. ಇವತ್ತು ನಿಮ್ಮ ಮುಂದೆ ಹೇಳಬೇಕೆಂದಿರುವುದು ನದಿಯ ನೀರಿನ ಕಥೆಯಲ್ಲ, ಕಡಲಿನ ಅಲೆಯ ಕಥೆ. ಕಡಲು ಎಂದರೂ ಅಲೆ ಎಂದರೂ ನಮ್ಮ ಎರಡು ಭಾಷೆಗೂ ಒಂದೇ. ಕನ್ನಡದಲ್ಲಿ ವಿದ್ಯುತ್, ತಮಿಳಿನಲ್ಲಿ ಮಿನ್ಸಾರಂ ಎಂದು ಪುಸ್ತಕದಲ್ಲಿ ಬರೆದರೂ, ನಮ್ಮ ಊರುಗಳಲ್ಲಿ ಎರಡೂ ಕಡೆಯವರು ಹೇಳುವುದು ಕರೆಂಟು ಎಂದೇ.

ಆದರೂ ಮೊದಲು ಕಾವೇರಿಯ ಲೆಕ್ಕ ಸ್ವಲ್ಪ ಹೇಳಿಬಿಡುತ್ತೇನೆ. ಅದು ತಿಳಿಯದೆ ಕಡಲಿನ ಕಷ್ಟ ತಿಳಿಯುವುದಿಲ್ಲ.

ನಮ್ಮಿಂದ ಮೇಲಕ್ಕೆ, ಶಿವನಸಮುದ್ರದಲ್ಲಿ, 1902ನೇ ಇಸವಿ ಜೂನ್ ತಿಂಗಳಲ್ಲಿ ಕಾವೇರಿಯ ನೀರಿನಿಂದ ತೆಗೆದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. ತಂತಿಯ ಉದ್ದ 92 ಮೈಲಿ. ಆ ಕಾಲಕ್ಕೆ ಅಷ್ಟು ದೂರ ವಿದ್ಯುತ್ ಸಾಗಿಸಿದ್ದು ಜಗತ್ತೇ ತಿರುಗಿ ನೋಡಿದ ಕೆಲಸ. ಇದನ್ನು ಹಟ ಹಿಡಿದು ಮಾಡಿಸಿದವರು ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್. ಕೆಲಸದ ಹೊಣೆ ಹೊತ್ತ ಇಂಜಿನಿಯರ್ ಡಿ ಲಾಟ್ಬಿನಿಯರ್. ಶೇಷಾದ್ರಿ ಅಯ್ಯರ್ ಅವರು 1901ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ತಾವು ಹೊರಡಿಸಿದ ಬೆಳಕನ್ನು ನೋಡುವ ಭಾಗ್ಯ ಅವರಿಗೆ ಬರಲಿಲ್ಲ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಮೊದಲು ಗಣಿಗೆ, ಆಮೇಲೆ ಪೇಟೆಗೆ. ನದಿ ದಡದ ಹಳ್ಳಿಗಳ ಸರದಿ ಬಹಳ ಹಿಂದೆ.

ಕೆಳಗೆ ಮೆಟ್ಟೂರಿನಲ್ಲಿ 1925ರಲ್ಲಿ ಶುರುವಾದ ಅಣೆಕಟ್ಟೆ 1934ರಲ್ಲಿ ಮುಗಿಯಿತು. ಅಲ್ಲಿ ವಿದ್ಯುತ್ ಹುಟ್ಟಿದ್ದು 1937ರಿಂದ. ಇವೆರಡರ ನಡುವೆ ನಮ್ಮ ಹೊಗೆನಕಲ್. ಇಲ್ಲಿಯೂ 120 ಮೆಗಾವ್ಯಾಟ್‌ನ ಒಂದು ಯೋಜನೆ ಕಾಗದದ ಮೇಲೆ ಇತ್ತು. ಶಿವನಸಮುದ್ರ, ಮೇಕೆದಾಟು, ರಾಸಿಮಣಲ್, ಹೊಗೆನಕಲ್ ಎಂದು ನಾಲ್ಕನ್ನು ಒಟ್ಟಿಗೆ ಸೇರಿಸಿ ಕೇಂದ್ರದ ಜಲವಿದ್ಯುತ್ ನಿಗಮದ ಕೈಯಲ್ಲಿ ಕಟ್ಟಿಸುವ ಮಾತು ನಡೆದಿತ್ತು. ಎರಡು ರಾಜ್ಯಗಳ ಒಪ್ಪಿಗೆ ಕೂಡಿಬರಲಿಲ್ಲ. ಅದರ ಸರಿತಪ್ಪು ನಾನು ಈ ಮೈಕಿನ ಮುಂದೆ ಹೇಳುವವನಲ್ಲ. ನಮಗೆ ಆಚೆ ದಡದಲ್ಲೂ ನೆಂಟರಿದ್ದಾರೆ, ಈಚೆ ದಡದಲ್ಲೂ ನೆಂಟರಿದ್ದಾರೆ.

ಈಗ ಕಡಲಿಗೆ ಬರೋಣ. ಕಾವೇರಿ ಪೂಂಪುಹಾರಿನಲ್ಲಿ ಕಡಲು ಸೇರಿದ ಮೇಲೆ ಆ ನೀರಿಗೆ ಬೀಳಲು ಎತ್ತರವೇ ಇಲ್ಲ. ಆದರೆ ಅದು ಸುಮ್ಮನೆ ನಿಲ್ಲುವುದೂ ಇಲ್ಲ. ಗಾಳಿ ನೀರನ್ನು ಉಜ್ಜಿ ಉಜ್ಜಿ ಅಲೆ ಎಬ್ಬಿಸುತ್ತದೆ. ದಕ್ಷಿಣ ಸಮುದ್ರದಲ್ಲಿ ಎಲ್ಲೋ ಬೀಸಿದ ಗಾಳಿಯ ಶಕ್ತಿ ಸಾವಿರಾರು ಮೈಲಿ ಅಲೆಯಾಗಿ ಬಂದು ನಮ್ಮ ದಡಕ್ಕೆ ಬಡಿಯುತ್ತದೆ. ಅದನ್ನು ಹಿಡಿಯಬಾರದೇಕೆ ಎಂಬ ಯೋಚನೆ ಹೊಸದಲ್ಲ. 1799ರಲ್ಲಿ, ಅಂದರೆ ಶ್ರೀರಂಗಪಟ್ಟಣ ಬಿದ್ದ ವರ್ಷವೇ, ಪ್ಯಾರಿಸ್ಸಿನಲ್ಲಿ ಗಿರಾರ್ ಎಂಬ ತಂದೆ ಮಗ ಇಬ್ಬರೂ ಸೇರಿ ಒಂದು ಹಕ್ಕುಪತ್ರ ಮಾಡಿಸಿಕೊಂಡರು. ಅಲೆಯ ಮೇಲೆ ಏರಿಳಿಯುವ ಹಡಗಿಗೆ ದೊಡ್ಡ ತೊಲೆ ಕಟ್ಟಿ, ಅದರ ಇನ್ನೊಂದು ತುದಿಯಿಂದ ಪಂಪು, ಗರಗಸ, ಗಿರಣಿ ನಡೆಸುವುದು ಅವರ ಉಪಾಯ. ನಮ್ಮ ಹಳ್ಳಿಯ ಏತದ ನೆನಪು ಬರುತ್ತದೆ, ಅಲ್ಲವೇ? ಏತದಲ್ಲಿ ಮನುಷ್ಯ ತುಳಿದರೆ ನೀರು ಮೇಲೆ ಬರುತ್ತದೆ. ಇಲ್ಲಿ ನೀರೇ ತುಳಿಯಬೇಕು.

ಅಲೆಯಿಂದ ಮನೆಗೆ ದೀಪ ಹಚ್ಚಿದವನು ಫ್ರಾನ್ಸಿನವನೇ. ಬೋರ್ಡೊ ಪಟ್ಟಣದ ಹತ್ತಿರ ರುವಾಯಾಂ ಎಂಬ ಕಡಲೂರಿನಲ್ಲಿ 1910ರ ಸುಮಾರಿಗೆ ಬೋಶೊ ಪ್ರಸೀಕ್ ಎಂಬಾತ ದಡದ ಬಂಡೆಯಲ್ಲಿ ನೇರವಾಗಿ ಬಾವಿಯಂಥ ತೂತು ಕೊರೆಸಿದ. ಅಲೆ ಒಳನುಗ್ಗಿದಾಗ ತೂತಿನೊಳಗಿನ ಗಾಳಿ ಮೇಲಕ್ಕೆ ನುಗ್ಗಿ ಚಕ್ರ ತಿರುಗಿಸಿ, ಸುಮಾರು ಒಂದು ಕಿಲೋವ್ಯಾಟ್ ವಿದ್ಯುತ್ ಕೊಡುತ್ತಿತ್ತು. ಒಂದು ಮನೆಗೆ ಸಾಕು. ಇದಾಗಿ ಕೆಲವು ದಶಕಗಳ ಮೇಲೆ ಜಪಾನಿನ ಯೋಶಿಯೊ ಮಸುದಾ ಎಂಬವರು ಇದೇ ಗಾಳಿಯ ಉಪಾಯವನ್ನು ತೇಲುವ ದೀಪದ ಬುರುಡೆಗಳಿಗೆ ಹೊಂದಿಸಿದರು. ಹಡಗುಗಳಿಗೆ ದಾರಿ ತೋರಿಸಲು ಕಡಲಲ್ಲಿ ತೇಲಿ ಬಿಡುವ ದೀಪಗಳವು. ಅಲೆ ಏರಿಳಿದಂತೆ ತಮ್ಮ ಬೆಳಕನ್ನು ತಾವೇ ಹುಟ್ಟಿಸಿಕೊಳ್ಳುತ್ತವೆ. 1965ರಿಂದ ಅವು ಮಾರಾಟಕ್ಕೆ ಬಂದವು. ಅಲೆ ವಿದ್ಯುತ್ತಿನ ಇಷ್ಟು ದೊಡ್ಡ ಚರಿತ್ರೆಯಲ್ಲಿ ತಂಟೆ ತಕರಾರಿಲ್ಲದೆ ಕೆಲಸ ಮಾಡಿದ್ದು ಈ ಸಣ್ಣ ದೀಪಗಳೇ ಎಂದು ನನಗನ್ನಿಸುತ್ತದೆ.

1973ರಲ್ಲಿ ಅರಬ್ ದೇಶಗಳ ಎಣ್ಣೆ ಬೆಲೆ ಏರಿದಾಗ ಎಲ್ಲರಿಗೂ ಕಡಲು ನೆನಪಾಯಿತು. ಮರುವರ್ಷ ಎಡಿನ್‌ಬರೋ ವಿಶ್ವವಿದ್ಯಾಲಯದ ಸ್ಟೀಫನ್ ಸಾಲ್ಟರ್ ಅವರು ಅಲೆಯ ಮೇಲೆ ತಲೆಯಾಡಿಸುವ, ಬಾತುಕೋಳಿಯ ಆಕಾರದ ಯಂತ್ರವನ್ನು ತೋರಿಸಿ ಜಗತ್ಪ್ರಸಿದ್ಧರಾದರು. ಬ್ರಿಟಿಷ್ ಸರ್ಕಾರ ಹಣ ಕೊಟ್ಟಿತು. ಎಣ್ಣೆ ಬೆಲೆಯ ಭಯ ಇಳಿದ ಮೇಲೆ, 1982ರಲ್ಲಿ, ಆ ಹಣವನ್ನು ಹೆಚ್ಚುಕಡಿಮೆ ನಿಲ್ಲಿಸಿತು. ನಾರ್ವೆ ದೇಶದವರು 1985ರಲ್ಲಿ ಬರ್ಗನ್ ಹತ್ತಿರ ಬಂಡೆಗೆ ಅಂಟಿಸಿ 500 ಕಿಲೋವ್ಯಾಟಿನ ಗೋಪುರ ಕಟ್ಟಿದರು. ಅದು ಚೆನ್ನಾಗಿಯೇ ನಡೆಯುತ್ತಿತ್ತು. 1988ರ ಕೊನೆಯ ಒಂದು ಬಿರುಗಾಳಿ ಅದನ್ನು ಬುಡದಿಂದ ಮುರಿದು ಹಾಕಿತು. ಸ್ಕಾಟ್ಲೆಂಡಿನಲ್ಲಿ 1995ರಲ್ಲಿ ಆಸ್ಪ್ರೇ ಎಂಬ ದೊಡ್ಡ ಯಂತ್ರವನ್ನು ಕಡಲಿಗೆ ಇಳಿಸಿದರು. ಅದೂ ಕೆಲವೇ ವಾರಗಳಲ್ಲಿ ಹೋಯಿತು.

ಇಲ್ಲಿ ಒಂದು ಲೆಕ್ಕ ಹೇಳಬೇಕು. ಬ್ಯಾಂಕಿನವನಿಗೆ ಇದು ಬೇಗ ಅರ್ಥವಾಗುತ್ತದೆ. ಅಲೆ ಪುಕ್ಕಟೆ, ಅದಕ್ಕೆ ಬಿಲ್ಲು ಕಟ್ಟಬೇಕಿಲ್ಲ. ಆದರೆ ಯಂತ್ರವನ್ನು ದಿನನಿತ್ಯದ ಅಲೆಗೆ ತಕ್ಕಂತೆ ಕಟ್ಟಿದರೆ ಸಾಲದು. ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವ ಆ ಒಂದು ರಾತ್ರಿಯ ಬಿರುಗಾಳಿಗೆ ತಕ್ಕಂತೆ ಕಟ್ಟಬೇಕು. ವರಮಾನ ಬರುವುದು ಸಣ್ಣ ಅಲೆಯಿಂದ, ಖರ್ಚು ಬೀಳುವುದು ದೊಡ್ಡ ಅಲೆಯ ಲೆಕ್ಕದಲ್ಲಿ. ಇಂಥ ಬಾಬತ್ತಿಗೆ ಸಾಲ ಕೇಳಿಕೊಂಡು ಯಾರಾದರೂ ನಮ್ಮ ಕೌಂಟರಿಗೆ ಬಂದಿದ್ದರೆ ಮ್ಯಾನೇಜರು ಕುರ್ಚಿ ಹಾಕಿ ಕೂರಿಸಿ, ಕಾಫಿ ಕೊಟ್ಟು, ವಾಪಸು ಕಳಿಸುತ್ತಿದ್ದರು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಕೈಹಾಕಿದವರು ಮದ್ರಾಸಿನ ಐಐಟಿಯವರು. ಕೇಂದ್ರ ಸರ್ಕಾರದ ಸಾಗರ ಅಭಿವೃದ್ಧಿ ಇಲಾಖೆಯ ಹಣದಿಂದ 1980ರ ದಶಕದ ಆರಂಭದಲ್ಲಿ ಅಲ್ಲೊಂದು ಅಲೆಶಕ್ತಿ ತಂಡ ಹುಟ್ಟಿತು. ವಿ. ಎಸ್. ರಾಜು, ಎಂ. ರವೀಂದ್ರನ್ ಮುಂತಾದ ಪ್ರಾಧ್ಯಾಪಕರು ಅದರಲ್ಲಿದ್ದರು. ಅವರು ಆರಿಸಿದ ಜಾಗ ಕೇರಳದ ವಿಳಿಂಜಂ. ತಿರುವನಂತಪುರದ ಪಕ್ಕ, ಕೋವಳಂ ಆಚೆಗೆ ಇರುವ ಮೀನುಗಾರರ ಊರು.

ಆ ಜಾಗ ಆರಿಸಿದ್ದರಲ್ಲಿ ಒಂದು ಜಾಣತನವಿತ್ತು. ವಿಳಿಂಜಂನಲ್ಲಿ ಮೀನುಗಾರಿಕೆ ಬಂದರಿಗೆಂದು ಅಲೆ ತಡೆಯುವ ಕಲ್ಲಿನ ಗೋಡೆ ಇತ್ತು. ಅಲೆಯನ್ನು ಹೇಗೂ ತಡೆಯಬೇಕು, ತಡೆಯುವಾಗಲೇ ಅದರ ಶಕ್ತಿಯನ್ನು ಕಿತ್ತುಕೊಂಡರೆ ಒಂದು ಖರ್ಚಿನಲ್ಲಿ ಎರಡು ಕೆಲಸ. ಮುಂದೆ ಬಂದರುಗಳ ಗೋಡೆಗಳನ್ನೇ ಇಂಥ ಪೆಟ್ಟಿಗೆಗಳಿಂದ ಕಟ್ಟಬಹುದು ಎಂಬುದು ಅವರ ವಿಚಾರ. ನಮ್ಮ ಉಳ್ಳಾಲದ ಕಡೆ ಪ್ರತಿ ಮಳೆಗಾಲ ಕಡಲು ಕೊರೆದು, ಅಲ್ಲಿಗೆ ಲಾರಿಗಟ್ಟಲೆ ಕಲ್ಲು ಸುರಿಯುವುದನ್ನು ಪೇಪರಿನಲ್ಲಿ ಓದಿದಾಗಲೆಲ್ಲಾ ನನಗೆ ಈ ಮಾತು ನೆನಪಾಗುತ್ತದೆ.

ಬಂದರಿನ ಗೋಡೆಯ ಹೊರಗೆ, ಸುಮಾರು 10 ಮೀಟರ್ ಆಳದ ನೀರಿನಲ್ಲಿ, 3000 ಟನ್ ತೂಕದ ಕಾಂಕ್ರೀಟ್ ಪೆಟ್ಟಿಗೆಯೊಂದನ್ನು ಕೂರಿಸಿದರು. ಗೋಡೆಯಿಂದ ಅದಕ್ಕೆ ಒಂದು ಕಾಲುಸೇತುವೆ. 1991ರ ಅಕ್ಟೋಬರಿನಲ್ಲಿ ಅದು ಶುರುವಾಯಿತು. ಸಾಮರ್ಥ್ಯ 150 ಕಿಲೋವ್ಯಾಟ್. ಭಾರತದ ಮೊದಲ ಅಲೆ ವಿದ್ಯುತ್ ಸ್ಥಾವರ ಅದು. ಇಡೀ ಜಗತ್ತಿನಲ್ಲೇ ಆಗ ಇಂಥವು ಬೆರಳೆಣಿಕೆಯಷ್ಟಿದ್ದವು.

ಅದು ಹೇಗೆ ಕೆಲಸ ಮಾಡುತ್ತದೆ ಎಂದು ಹೇಳುತ್ತೇನೆ. ಕುಲುಮೆಯ ತಿದಿ ನೀವೆಲ್ಲಾ ನೋಡಿದ್ದೀರಿ. ಒತ್ತಿದರೆ ಗಾಳಿ ಹೊರಗೆ ನುಗ್ಗುತ್ತದೆ, ಬಿಟ್ಟರೆ ಒಳಗೆ ಎಳೆದುಕೊಳ್ಳುತ್ತದೆ. ವಿಳಿಂಜಂನ ಕಾಂಕ್ರೀಟ್ ಪೆಟ್ಟಿಗೆಯೂ ಒಂದು ದೊಡ್ಡ ತಿದಿಯೇ. ಅದರ ಬಾಯಿ ನೀರಿನೊಳಗೆ ಕಡಲಿನ ಕಡೆಗೆ ತೆರೆದಿದೆ. ಅಲೆ ಬಂದಾಗ ಒಳಗಿನ ನೀರು ಏರುತ್ತದೆ. ನೀರಿನ ಮೇಲಿನ ಗಾಳಿ ಒತ್ತಿಕೊಂಡು ಮೇಲಿನ ಕೊಳವೆಯಿಂದ ಹೊರಗೆ ನುಗ್ಗುತ್ತದೆ. ಅಲೆ ಹಿಂದಕ್ಕೆ ಹೋದಾಗ ನೀರು ಇಳಿದು, ಹೊರಗಿನ ಗಾಳಿ ಅದೇ ಕೊಳವೆಯಿಂದ ಒಳಗೆ ಬರುತ್ತದೆ. ಆ ಕೊಳವೆಯಲ್ಲಿ ಚಕ್ರವನ್ನಿಟ್ಟು, ಚಕ್ರಕ್ಕೆ ಜನರೇಟರು ಜೋಡಿಸಿದ್ದಾರೆ. ಉಪ್ಪುನೀರು ಚಕ್ರವನ್ನು ಮುಟ್ಟುವುದೇ ಇಲ್ಲ, ಗಾಳಿ ಮಾತ್ರ ಮುಟ್ಟುತ್ತದೆ.

ಇಲ್ಲೊಂದು ತೊಡಕು. ಜಾತ್ರೆಯಲ್ಲಿ ಕೊಳ್ಳುವ ಕಾಗದದ ಗಿರಗಿಟ್ಲೆಗೆ ಈ ಕಡೆಯಿಂದ ಊದಿದರೆ ಒಂದು ಕಡೆ ತಿರುಗುತ್ತದೆ, ಆ ಕಡೆಯಿಂದ ಊದಿದರೆ ನಿಂತು ಹಿಂದಕ್ಕೆ ತಿರುಗಲು ನೋಡುತ್ತದೆ. ಹತ್ತು ಸೆಕೆಂಡಿಗೊಮ್ಮೆ ಹೀಗೆ ದಿಕ್ಕು ಬದಲಾದರೆ ಕರೆಂಟು ಹುಟ್ಟಿದ ಹಾಗೆಯೇ. ಇದಕ್ಕೆ ಉಪಾಯ ಕಂಡವರು ಬೆಲ್‌ಫಾಸ್ಟಿನ ಪ್ರಾಧ್ಯಾಪಕ ಆಲನ್ ವೆಲ್ಸ್. 1970ರ ದಶಕದಲ್ಲಿ ಅವರು ಮಾಡಿದ ಚಕ್ರದ ರೆಕ್ಕೆಗಳು ಎರಡು ಬದಿಯಲ್ಲೂ ಒಂದೇ ರೀತಿ ಉಬ್ಬಿರುತ್ತವೆ. ಗಾಳಿ ಒಳಗೆ ಬರಲಿ, ಹೊರಗೆ ಹೋಗಲಿ, ಚಕ್ರ ಒಂದೇ ದಿಕ್ಕಿಗೆ ತಿರುಗುತ್ತದೆ. ವಿಳಿಂಜಂನಲ್ಲಿ ಮೊದಲು ಹಾಕಿದ್ದು ಈ ವೆಲ್ಸ್ ಚಕ್ರವನ್ನೇ. ಅದಕ್ಕೂ ದೋಷಗಳಿದ್ದವು. ಗಾಳಿ ಕಡಿಮೆಯಾದರೆ ತಾನಾಗಿ ಹೊರಡುವುದು ಕಷ್ಟ, ವಿಪರೀತವಾದರೆ ರೆಕ್ಕೆ ಗಾಳಿಯ ಹಿಡಿತ ತಪ್ಪಿ ಶಕ್ತಿ ಕುಸಿಯುತ್ತದೆ. ಆಮೇಲೆ ಬೇರೆ ಬಗೆಯ ಚಕ್ರಗಳನ್ನೂ ಅಲ್ಲಿ ಪರೀಕ್ಷೆ ಮಾಡಿದರು.

ನಾನು ಅದನ್ನು ಕಣ್ಣಾರೆ ನೋಡಿದ್ದು 1993ರ ಮೇ ತಿಂಗಳಲ್ಲಿ. ಬ್ಯಾಂಕಿನಿಂದ ಎಲ್‌ಟಿಸಿ ಸಿಕ್ಕಿತ್ತು. ಹೆಂಡತಿ, ಮಕ್ಕಳನ್ನು ಕರೆದುಕೊಂಡು ಕನ್ಯಾಕುಮಾರಿ ನೋಡಿ ತಿರುವನಂತಪುರಕ್ಕೆ ಹೋದೆವು. ಎಲ್ಲರೂ ಪದ್ಮನಾಭಸ್ವಾಮಿಯ ದರ್ಶನಕ್ಕೆ ಬಂದರೆ ಇವರೊಬ್ಬರು ಸಿಮೆಂಟ್ ಪೆಟ್ಟಿಗೆ ನೋಡಲು ಬಂದಿದ್ದಾರೆ ಎಂದು ಮನೆಯವಳು ಈಗಲೂ ನೆಂಟರ ಮುಂದೆ ಹೇಳುತ್ತಾಳೆ. ಹತ್ತಿರಕ್ಕೆ ಹೋಗುವಂತಿರಲಿಲ್ಲ. ದಡದಿಂದಲೇ ನೋಡಿದೆ. ನೋಡಲು ಏನೂ ಇಲ್ಲ, ನೀರಿನಲ್ಲಿ ನಿಂತ ಒಂದು ಮಾಸಲು ಗೋಪುರ. ಬಲೆ ಸರಿಮಾಡುತ್ತಾ ಕುಳಿತಿದ್ದ ಹಿರಿಯರೊಬ್ಬರನ್ನು ನನ್ನ ತಮಿಳಿನಲ್ಲಿ ಮಾತಾಡಿಸಿದೆ. ಅವರು ಅರ್ಧ ತಮಿಳು ಅರ್ಧ ಮಲಯಾಳದಲ್ಲಿ ಹೇಳಿದ್ದು ಇಷ್ಟು: ಕಡಲು ಕೂಗಿದರೆ ಅದೂ ಕೂಗುತ್ತದೆ, ಕಡಲು ಮಲಗಿದರೆ ಅದೂ ಮಲಗುತ್ತದೆ.

ಅವರು ಓದಿದವರೋ ಇಲ್ಲವೋ, ಆ ಸ್ಥಾವರದ ಇಡೀ ಇತಿಹಾಸವನ್ನು ಒಂದು ಮಾತಿನಲ್ಲಿ ಹೇಳಿಬಿಟ್ಟರು. ವಿಳಿಂಜಂನಲ್ಲಿ ಒಂದು ಮೀಟರ್ ಅಗಲದ ಅಲೆಯಲ್ಲಿ ವರ್ಷದ ಸರಾಸರಿ ಸುಮಾರು 13 ಕಿಲೋವ್ಯಾಟ್ ಶಕ್ತಿ ಇದೆ. ನಮ್ಮ ದೇಶದ ಬಹುಪಾಲು ದಡಕ್ಕಿಂತ ಅದು ಹೆಚ್ಚು. ಆದರೆ ಸ್ಕಾಟ್ಲೆಂಡಿನ ಪಶ್ಚಿಮ ಕಡಲಿಗೆ ಹೋಲಿಸಿದರೆ ಅದು ಮೂರನೇ ಒಂದು ಪಾಲೂ ಆಗುವುದಿಲ್ಲ. ಇರುವುದೂ ವರ್ಷವಿಡೀ ಸಮನಾಗಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಮುಂಗಾರಿನಲ್ಲಿ ಅಲೆ ಅಬ್ಬರಿಸುತ್ತದೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಸಪ್ಪೆ.

ಜೂನಿನಿಂದ ಸೆಪ್ಟೆಂಬರ್ ಎಂದರೆ ಯಾವ ಕಾಲ? ಕೊಡಗಿನಲ್ಲಿ ಮಳೆ ಹಿಡಿದು ಕಾವೇರಿ ತುಂಬುವ ಕಾಲ. ಹೊಗೆನಕಲ್ಲಿನಲ್ಲಿ ಪರಿಸಲು ನಿಲ್ಲಿಸಿ, ಸ್ನಾನಕ್ಕೂ ಬಿಡದೆ ಪೊಲೀಸರು ಹಗ್ಗ ಕಟ್ಟುವ ಕಾಲ. ಶಿವನಸಮುದ್ರದ ಚಕ್ರಗಳು ಪೂರ್ತಿ ತಿರುಗುವ ಕಾಲ. ಅಂದರೆ ಅದೇ ಒಂದು ಮುಂಗಾರು ಗಾಳಿ ಬೆಟ್ಟದ ಮೇಲೆ ಮಳೆಯಾಗಿ, ಕಡಲ ಮೇಲೆ ಅಲೆಯಾಗಿ, ಎರಡು ಖಾತೆಗೂ ಒಟ್ಟಿಗೇ ಜಮಾ ಮಾಡುತ್ತದೆ. ಚಳಿಗಾಲ ಬಂದರೆ ಎರಡಕ್ಕೂ ಜಮಾ ನಿಲ್ಲುತ್ತದೆ. ವ್ಯತ್ಯಾಸ ಒಂದೇ: ನದಿಗೆ ಕಟ್ಟೆ ಕಟ್ಟಿ ಮಳೆಗಾಲದ ನೀರನ್ನು ಬೇಸಿಗೆಗೆ ಇಟ್ಟುಕೊಳ್ಳಬಹುದು. ಕನ್ನಂಬಾಡಿ, ಮೆಟ್ಟೂರು ಎಂದರೆ ನಮ್ಮ ಫಿಕ್ಸೆಡ್ ಡಿಪಾಸಿಟ್ ಇದ್ದ ಹಾಗೆ. ಅಲೆಗೆ ಕಟ್ಟೆ ಇಲ್ಲ. ಬಂದ ಗಳಿಗೆಯಲ್ಲಿ ತೆಗೆದುಕೊಂಡರೆ ಉಂಟು, ಇಲ್ಲದಿದ್ದರೆ ಮರಳಿನಲ್ಲಿ ಇಂಗಿ ಹೋಯಿತು. ಅಲೆ ವಿದ್ಯುತ್ತು ಹಿಂದೆ ಉಳಿದದ್ದಕ್ಕೆ ಬಿರುಗಾಳಿಯಷ್ಟೇ ದೊಡ್ಡ ಕಾರಣ ಇದು ಎಂದು ನನ್ನ ತಿಳಿವಳಿಕೆ.

1993ರಲ್ಲಿ ಮದ್ರಾಸಿನಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಹುಟ್ಟಿತು. ವಿಳಿಂಜಂ ತಂಡದಲ್ಲಿದ್ದ ರವೀಂದ್ರನ್ ಅವರೇ ಅದರ ನಿರ್ದೇಶಕರಾದರು. ಸ್ಥಾವರದ ಹೊಣೆ ಮುಂದೆ ಆ ಸಂಸ್ಥೆಗೆ ಹೋಯಿತು. ಕರೆಂಟನ್ನು ತಂತಿಗೆ ಕೊಡುವುದರಲ್ಲಿ ಲಾಭವಿಲ್ಲ ಎಂದು ಕಂಡ ಮೇಲೆ ಅವರು ಇನ್ನೊಂದು ದಾರಿ ಹಿಡಿದರು. 2000ದ ನಂತರದ ವರ್ಷಗಳಲ್ಲಿ, ಅದೇ ಅಲೆಯ ವಿದ್ಯುತ್ತಿನಿಂದ ಕಡಲಿನ ಉಪ್ಪುನೀರನ್ನು ಶೋಧಿಸಿ ಕುಡಿಯುವ ನೀರು ಮಾಡಿದರು. ದಿನಕ್ಕೆ 10,000 ಲೀಟರ್ ಸಾಮರ್ಥ್ಯದ ಯಂತ್ರ.

ಇದು ನನಗೆ ಬಹಳ ಹಿಡಿಸಿದ ಸಂಗತಿ. ಕರೆಂಟನ್ನು ಕೂಡಿಡುವುದು ಕಷ್ಟ, ನೀರನ್ನು ತೊಟ್ಟಿಯಲ್ಲಿ ಕೂಡಿಡಬಹುದು. ಅಲೆ ಜೋರಾಗಿದ್ದ ದಿನ ಹೆಚ್ಚು ನೀರು ಮಾಡಿ ತುಂಬಿಸಿಕೊಂಡರೆ, ಸಪ್ಪೆಯಾದ ದಿನಕ್ಕೆ ಆಗುತ್ತದೆ. ಕುಡಿಯುವ ನೀರಿನ ಬೆಲೆ ಏನೆಂದು ಧರ್ಮಪುರಿ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಬೋರ್‌ವೆಲ್ಲುಗಳ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದವರು, ನಡುವಯಸ್ಸಿಗೇ ಮೂಳೆ ಸೆಡೆತು ಬೆನ್ನು ಬಾಗಿದವರು ಎಷ್ಟು ಮನೆಯಲ್ಲಿಲ್ಲ? ಹೊಗೆನಕಲ್ಲಿನಿಂದ ಕಾವೇರಿ ನೀರು ತರುವ ಕುಡಿಯುವ ನೀರಿನ ಯೋಜನೆಗೆ 2008ರಲ್ಲಿ ಅಡಿಗಲ್ಲು ಬಿತ್ತು. ಆಗ ಗಡಿಯಲ್ಲಿ ನಡೆದ ಗಲಾಟೆ ನಿಮಗೆ ನೆನಪಿರುತ್ತದೆ. ಜಪಾನಿನ ಸಾಲದಿಂದ ಕೆಲಸ ನಡೆದು 2013ರಲ್ಲಿ ನೀರು ಬಂತು. ಆ ನೀರೂ ತಾನಾಗಿ ನಮ್ಮ ಮನೆಗೆ ಬರುವುದಿಲ್ಲ. ನದಿಯಿಂದ ಮೇಲಕ್ಕೆ ಪಂಪು ಹೊಡೆಯಬೇಕು, ಪಂಪಿಗೆ ಕರೆಂಟು ಬೇಕು. ವಿಳಿಂಜಂನ ಸಣ್ಣ ಯಂತ್ರ ಮಾಡಿದ್ದೂ ಅದನ್ನೇ, ಕರೆಂಟನ್ನು ಕುಡಿಯುವ ನೀರಾಗಿ ಬದಲಾಯಿಸಿದ್ದು.

ಆದರೆ ಅದು ಬೆಳೆಯಲಿಲ್ಲ. ಪರೀಕ್ಷೆಗೆಂದು ಕಟ್ಟಿದ ಸ್ಥಾವರ ಪರೀಕ್ಷೆಯಾಗಿಯೇ ಉಳಿಯಿತು. ಇಪ್ಪತ್ತು ವರ್ಷ ಅಲೆಯ ಪೆಟ್ಟು ತಿಂದು 2011ರಲ್ಲಿ ಮುಚ್ಚಿತು. ಅದೇ 2011ರಲ್ಲಿ ಸ್ಪೇನ್ ದೇಶದ ಮುತ್ರಿಕು ಎಂಬ ಸಣ್ಣ ಮೀನುಗಾರಿಕೆ ಊರಿನಲ್ಲಿ ಬಂದರಿನ ಗೋಡೆಯೊಳಗೇ 16 ಚಕ್ರಗಳನ್ನಿಟ್ಟು, 296 ಕಿಲೋವ್ಯಾಟಿನ ಅಲೆ ವಿದ್ಯುತ್ ಕೇಂದ್ರ ತೆರೆದರು. ಗೋಡೆಗೊಂದು ಖರ್ಚು, ಕರೆಂಟಿಗೊಂದು ಖರ್ಚು ಬೇಡ ಎಂಬ ಅದೇ ವಿಚಾರ. ನಮ್ಮವರು ಇಪ್ಪತ್ತು ವರ್ಷ ಮೊದಲೇ ಹೇಳಿದ್ದು. ಇದನ್ನು ಓದಿದ ದಿನ ನನಗೆ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಇವತ್ತು ವಿಳಿಂಜಂ ಎಂದರೆ ಜನಕ್ಕೆ ಗೊತ್ತಿರುವುದು ದೊಡ್ಡ ಕಂಟೇನರ್ ಹಡಗುಗಳ ಬಂದರು. 2025ರ ಮೇ 2ರಂದು ಪ್ರಧಾನಮಂತ್ರಿಗಳು ಅದನ್ನು ದೇಶಕ್ಕೆ ಅರ್ಪಿಸಿದರು. ಅದಕ್ಕೂ ಅಲೆ ತಡೆಯುವ ಗೋಡೆ ಕಟ್ಟಿದ್ದಾರೆ, ಹಳೆಯದಕ್ಕಿಂತ ಎಷ್ಟೋ ದೊಡ್ಡದು.

ಹೊರದೇಶದಲ್ಲೂ ಎಲ್ಲ ಸುಗಮವಾಗಿಲ್ಲ ಎನ್ನಿ. ಪೋರ್ಚುಗಲ್ ದಡದಲ್ಲಿ 2008ರ ಸೆಪ್ಟೆಂಬರಿನಲ್ಲಿ ಹಾವಿನಂತೆ ತೇಲುವ ಮೂರು ಪೆಲಾಮಿಸ್ ಯಂತ್ರಗಳನ್ನು ಬಿಟ್ಟು, ಜಗತ್ತಿನ ಮೊದಲ ಅಲೆ ವಿದ್ಯುತ್ ತೋಟ ಎಂದು ಹೆಸರಿಟ್ಟರು. ಕೆಲವೇ ತಿಂಗಳಿಗೆ ದಡಕ್ಕೆ ಎಳೆದರು. ಅದನ್ನು ಮಾಡಿದ ಕಂಪನಿಯೂ 2014ರಲ್ಲಿ ದಿವಾಳಿಯ ಹಾದಿ ಹಿಡಿಯಿತು.

ನಮ್ಮ ಸರ್ಕಾರದ ಲೆಕ್ಕದಲ್ಲಿ ದೇಶದ ಅಲೆಗಳಲ್ಲಿ ಸುಮಾರು 41 ಸಾವಿರ ಮೆಗಾವ್ಯಾಟ್ ಶಕ್ತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಕಡಲಿನ ವಿದ್ಯುತ್ತನ್ನೂ ಬಿಸಿಲು, ಗಾಳಿಯ ವಿದ್ಯುತ್ತಿನ ಸಾಲಿಗೆ ಸೇರಿಸಿತು. ಆದರೆ ಈ ನಡುವೆ ಬಿಸಿಲಿನ ಹಲಗೆಗಳು ಎಷ್ಟು ಅಗ್ಗವಾದವೆಂದರೆ, ಇಂದು ನಮ್ಮ ತೋಟದ ಮೋಟಾರಿಗೂ ಅದನ್ನೇ ಹಾಕಿಸುತ್ತಿದ್ದಾರೆ. ಅಲೆಗೆ ಈಗ ಪೈಪೋಟಿ ಎಣ್ಣೆಯ ಜೊತೆಗಲ್ಲ, ಬಿಸಿಲಿನ ಜೊತೆಗೆ. ಆ ಪೈಪೋಟಿ ಇನ್ನೂ ಕಷ್ಟದ್ದು. ಬಿಸಿಲಿನ ಹಲಗೆಯನ್ನು ಮುರಿಯಲು ಯಾವ ಅಲೆಯೂ ಬರುವುದಿಲ್ಲ.

ಮದ್ರಾಸ್ ಐಐಟಿಯವರು ಮಾತ್ರ ಕೈಬಿಟ್ಟಿಲ್ಲ. 2022ರ ನವೆಂಬರಿನಲ್ಲಿ ತೂತ್ತುಕುಡಿ ದಡದಿಂದ 6 ಕಿಲೋಮೀಟರ್ ದೂರ, 20 ಮೀಟರ್ ಆಳದ ನೀರಿನಲ್ಲಿ ಸಿಂಧುಜಾ ಎಂಬ ತೇಲುವ ಯಂತ್ರವನ್ನು ಬಿಟ್ಟು ಪರೀಕ್ಷೆ ಮಾಡಿದರು. ದೊಡ್ಡ ಬುರುಡೆಯೊಂದು ಅಲೆಯ ಜೊತೆ ಏರಿಳಿಯುತ್ತದೆ, ಅದರ ನಡುವಿನ ಕಂಬ ನಿಂತಲ್ಲೇ ನಿಂತಿರುತ್ತದೆ, ಎರಡರ ಎಳೆದಾಟದಲ್ಲಿ ವಿದ್ಯುತ್ ಹುಟ್ಟುತ್ತದೆ. ಅವರ ಮನಸ್ಸಿನಲ್ಲಿರುವುದು ದೂರದ ದ್ವೀಪಗಳು, ಕಡಲೊಳಗಿನ ಯಂತ್ರಗಳು, ತಂತಿ ತಲುಪದ ಜಾಗಗಳು. ಮಸುದಾ ಅವರ ತೇಲುವ ದೀಪದ ದಾರಿಯೇ ಎನ್ನಬಹುದು.

ಸಿಂಧುಜಾ ಕೊಟ್ಟ ವಿದ್ಯುತ್ತು 100 ವ್ಯಾಟ್. ನಮ್ಮ ಕಡೆಯ ಹಳೆಯ ಮಾತಿನಲ್ಲಿ ಹೇಳುವುದಾದರೆ ನೂರು ಕ್ಯಾಂಡಲಿನ ಒಂದು ಬಲ್ಬು. ನಮ್ಮ ಬೀದಿಗೆ ಕಂಬ ಬಂದ ವರ್ಷ ನಮ್ಮಪ್ಪ ಪಡಸಾಲೆಗೆ ಹಾಕಿಸಿದ್ದು ನಲವತ್ತರದ್ದು. ಆ ರಾತ್ರಿ ನಾವು ಮಕ್ಕಳು ಅದನ್ನೇ ನೋಡುತ್ತಾ ಕೂತು ಊಟ ಮರೆತಿದ್ದೆವು.